ಪರದೆಯ ಮೇಲಿನ ಹೂವು

ನನ್ನ ಮನೆಯಾಕೆ ವಿಮಲಾಗೆ,

ಸಾಂತೋಮ್ ಚರ್ಚಿನ ಕಾವಲುಗಾರ ನೆನಪಿದ್ದಾನೆಯೇ? ಮೊನಚು ಕಮಾನಿನ ಕೆಳಗೆ ಕತ್ತೆತ್ತಿ ನಿಂತು, "ಇಂಥ ಕಮಾನು ಅರಬ್ಬರ ನಾಡಲ್ಲಿ ಮೊದಲೇ ಇತ್ತು, ಯೂರೋಪಿನೋರು ಅಲ್ಲಿಂದ ಕಲಿತಿದ್ದು ಅಂತ ಇವರಿಗೆ ಹೇಳ್ರೀ" ಎಂದೆ ನೀನು. ಚೆನ್ನೈ ಕಾಲೇಜಿನಲ್ಲಿ ಅಷ್ಟು ವರ್ಷ ಚಿತ್ರಕಲೆಯ ಇತಿಹಾಸ ಪಾಠ ಮಾಡಿದರೂ ಮೈಸೂರಿನ ನಿನ್ನ ನಾಲಗೆಗೆ ತಮಿಳು ಹತ್ತಲೇ ಇಲ್ಲ. ನಾನೋ, ಕುಂದಾಪುರದಿಂದ ಬಂದ ಅಪ್ಪ ಇಲ್ಲೇ ರಾಯಪುರಂನಲ್ಲಿ ಇಟ್ಟಿದ್ದ ಹೋಟೆಲಿನಲ್ಲಿ ಬೆಳೆದವನು. ಹಾಗಾಗಿ ಅನುವಾದದ ಕೆಲಸ ನನ್ನದು. "ಅಮ್ಮಾವುಕ್ಕು ಚರ್ಚ್ ರೊಂಬ ಪುಡಿಚಿರುಕ್ಕಾಮ್" ಎಂದೆ. ಚರ್ಚು ತುಂಬಾ ಹಿಡಿಸಿದೆಯಂತೆ, ಅಷ್ಟೇ. "ನಾನು ಅಷ್ಟುದ್ದ ಹೇಳಿದ್ನಲ್ರೀ" ಎಂದು ನೀನು ಗುರಾಯಿಸಿದೆ. ತಮಿಳಿನಲ್ಲಿ ಎಲ್ಲ ಚಿಕ್ಕದಾಗುತ್ತದೆ ಎಂದು ನಾನು ಹೇಳಿದ್ದನ್ನು ನೀನು ಕೊನೆಯವರೆಗೂ ನಂಬಲಿಲ್ಲ.

ಭಾನುವಾರ ಊಟವಾದ ಮೇಲೆ ನಿನ್ನ ಪಾಠದ ತಯಾರಿ. ಜಪಾನಿನ ಮರದಚ್ಚಿನ ಚಿತ್ರವನ್ನೂ ಪ್ಯಾರಿಸ್ಸಿನ ಚಿತ್ರಕಾರನೊಬ್ಬನದನ್ನೂ ಪಕ್ಕಪಕ್ಕ ಇಟ್ಟು, "ಯಾರು ಯಾರನ್ನ ನೋಡಿ ಬರೆದಿದ್ದು ಹೇಳಿ ನೋಡೋಣ" ಎನ್ನುತ್ತಿದ್ದೆ. ಆಫ್ರಿಕದ ಮುಖವಾಡ ತೋರಿಸಿದಾಗ, ನಮ್ಮ ಯಕ್ಷಗಾನದ ಬಣ್ಣದ ವೇಷದ ಹಾಗಿದೆ ಎಂದು ಹೇಳಿ ನಿನ್ನಿಂದ ಬೈಸಿಕೊಂಡೆ. ಈಗ ತಪ್ಪು ಉತ್ತರ ಕೊಡೋಣವೆಂದರೂ ಯಾರಿಗೆ... ನೀನು ಹೋದ ಮೇಲೆ ಈ ಮನೆಯಲ್ಲಿ ಕನ್ನಡ ಕೇಳಿಸುವುದೇ ಇಲ್ಲ. ಮಗಳು ಪೆರುಂಗುಡಿಯ ಆಫೀಸಿನಿಂದ ಫೋನ್ ಮಾಡಿ "ಸಾಪ್ಟಿಯಾಪ್ಪಾ?" ಎನ್ನುತ್ತಾಳೆ, ಊಟ ಆಯಿತು ಎನ್ನುತ್ತೇನೆ. ತುಂಬಾ ಒಂಟಿಯಾಗಿದ್ದೇನೆ, ವಿಮಲಾ.

ನಿನ್ನೆ ಪುರಸೈವಾಕ್ಕಂಗೆ ಹೋಗಿದ್ದೆ, ನಾವು ಯಾವಾಗಲೂ ಹೋಗುತ್ತಿದ್ದ ಅದೇ ಪರದೆ ಅಂಗಡಿಗೆ. ಹಾಲಿನ ಕಿಟಕಿಯ ಪರದೆ ಹರಿದುಹೋಗಿತ್ತು. ಅಂಗಡಿಯವನು ಒಂದು ಬಟ್ಟೆ ಹರಡಿದ. ಬಳುಕಿದ ಮರ, ಅದರ ತುಂಬ ದೊಡ್ಡ ದೊಡ್ಡ ಹೂವು. "ಫಾರಿನ್ ಡಿಸೈನ್ ಸಾರ್, ಇಂಗ್ಲೆಂಡ್" ಎಂದ. ನಾನು ಬಟ್ಟೆಯ ಅಂಚು ಹಿಡಿದು ನಿಂತೆ. ಅವನು ಬೇರೆ ಬಣ್ಣವನ್ನೂ ತೆಗೆದು ತೋರಿಸಿದ. ಆಗ ಗೊತ್ತಾಯಿತು, ನಾನು ನಿನ್ನ ಮಾತಿಗಾಗಿ ಕಾಯುತ್ತಿದ್ದೆ. ನೀನು ಕನ್ನಡದಲ್ಲಿ ಹೇಳದೆ ನಾನು ತಮಿಳಿನಲ್ಲಿ ಏನು ಹೇಳಲಿ?

ಆಮೇಲೆ ನಾನೇ ಶುರುಮಾಡಿದೆ. ನಮ್ಮ ಈ ಕರಾವಳಿಯಲ್ಲಿ ಕೈಯಿಂದ ಬಣ್ಣ ಬರೆದ ಬಟ್ಟೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿದ್ದು, ಅಲ್ಲಿಯ ಸಿರಿವಂತರ ಮಂಚಕ್ಕೂ ಕಿಟಕಿಗೂ ಏರಿದ್ದು, ಚೀನಾದ ಮಾದರಿ ಮೆಚ್ಚಿ ಅವರು ಇಲ್ಲಿಗೆ ನಮೂನೆ ಕಳಿಸಿದ್ದು, ಇಲ್ಲಿಯವರು ಕಂಡರಿಯದ ಹೂವನ್ನು ತಮಗೆ ತೋಚಿದಂತೆ ಬರೆದದ್ದು, ಕೊನೆಗೆ ಅಲ್ಲಿಯ ಗಿರಣಿಗಳು ಅದನ್ನೇ ಅಚ್ಚು ಹಾಕಿ ತಮ್ಮದೆಂದದ್ದು. ನೀನು ಹೇಳುತ್ತಿದ್ದ ಒಂದನ್ನೂ ಬಿಡಲಿಲ್ಲ. ನೀನು ಇದ್ದಿದ್ದರೆ...

ಅವನು ಬಟ್ಟೆಯನ್ನು ತೋಳಮೇಲೆ ಹಾಕಿಕೊಂಡೇ ಕೇಳಿಸಿಕೊಂಡ. "ಅಪ್ಪೊ ಇದು ಎಂದ ಊರು ಪೂ ಸಾರ್?" ಎಂದ. ಹಾಗಾದರೆ ಇದು ಯಾವ ಊರಿನ ಹೂವು, ಎಂದು. ನಾನು ಎಡಕ್ಕೆ ತಿರುಗಿದೆ, ನೀನು ನಿಲ್ಲುತ್ತಿದ್ದ ಕಡೆಗೆ. ಅಲ್ಲಿ ದಿಂಬಿನ ಕವರುಗಳ ರಾಶಿ ಇತ್ತು.

"ವೀಟ್ಲ ಕೇಟ್ಟು ಸೊಲ್ರೇನ್" ಎಂದುಬಿಟ್ಟೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು. ಅವನು ತಲೆಯಾಡಿಸಿ, ನಾನು ಕೊಟ್ಟ ದುಡ್ಡು ಎಣಿಸಿಕೊಂಡು ಬಟ್ಟೆ ಕಟ್ಟಿಕೊಟ್ಟ.

ಪರದೆ ಹಾಕಿದ್ದೇನೆ. ಅದರ ಕೆಳಗೆ ನಿನ್ನ ಕುರ್ಚಿ ಇದೆ, ಎದುರಿಗೆ ಕೂತು ಬರೆಯುತ್ತಿದ್ದೇನೆ. ಅವನಿಗೆ ಮಾತು ಕೊಟ್ಟು ಬಂದಿದ್ದೇನೆ, ಹೇಳು, ಯಾವ ಊರಿನ ಹೂವು ಅದು? ಎಷ್ಟುದ್ದ ಹೇಳಿದರೂ ಸರಿ. ಈ ಸಲ ಒಂದು ಮಾತನ್ನೂ ಚಿಕ್ಕದು ಮಾಡುವುದಿಲ್ಲ.