ಗುಡ್ಡ ಹಿಡಿದ ಬಿಳಿ ಎಳೆ

ನಮ್ಮ ಮನೆ, ಹೊಲಿಗೆ ಕೋಣೆ
ಏಪ್ರಿಲ್ ೯, ಬುಧವಾರ ಮಧ್ಯಾಹ್ನ

ಪ್ರೀತಿಯ ಚೂಟಿ,

ಹೇಗಿದ್ದೀಯಾ ಮಗಾ? ಕೆಮ್ಮು ನಿಂತಿತೇ? ನಿನ್ನ ಸಾಬೂನು ಕಾರ್ಖಾನೆಯ ಪರೀಕ್ಷಾ ಕೋಣೆಗೆ ಕಿಟಕಿಯೇ ಇಲ್ಲ ಎಂದು ಬರೆದಿದ್ದೆ. ಊಟದ ಹೊತ್ತಿಗಾದರೂ ಹೊರಗೆ ಬಂದು ನಾಲ್ಕು ಹೆಜ್ಜೆ ಓಡಾಡು. ನನ್ನ ಮಂಡಿಯದು ಎಂದಿನ ತಕರಾರು; ಕಣ್ಣು ಮಾತ್ರ ಈಗಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತದೆ. ನಿನ್ನಮ್ಮ ಆರಾಮಾಗಿದ್ದಾಳೆ, ದಿನಕ್ಕೆರಡು ಸಲ ನನ್ನ ಮೇಲೆ ರೇಗುತ್ತಾಳೆ, ಅಂದರೆ ಆರೋಗ್ಯ ಚೆನ್ನಾಗಿದೆ ಎಂದೇ ಅರ್ಥ.

ಈಗ ಸುದ್ದಿ. ನಿಂತಿದ್ದರೆ ಕೂತುಕೋ. ನಿನ್ನ ಗಿಡಗಳು ಗೆದ್ದವು!

ಎರಡು ವರ್ಷದ ಹಿಂದೆ ಪುರಸಭೆಯ ಸಭೆಯಲ್ಲಿ ನೀನು ಎದ್ದು ನಿಂತು ಮಾತಾಡಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕಲ್ಲುಗಣಿಯವರು ಶಾಲೆಯ ಹಿಂದೆ ಸುರಿದು ಹೋದ ಪುಡಿಮಣ್ಣಿನ ಗುಡ್ಡ ಪ್ರತಿ ಮಳೆಗೂ ಮಕ್ಕಳ ಅಂಗಳಕ್ಕೆ ಜಾರುತ್ತಿತ್ತು. ಕಾಡಿನ ಹಳೆಯ ಮರಗಳ ಬುಡದಿಂದ ಹಿಡಿ ಹಿಡಿ ಮಣ್ಣು ತಂದು ಗಿಡ ನೆಡೋಣ, ಆ ಮಣ್ಣಿನಲ್ಲಿ ಶಿಲೀಂಧ್ರದ ಎಳೆಗಳಿರುತ್ತವೆ, ಅವು ಬೇರಿನ ಜೊತೆ ನಂಟು ಬೆಳೆಸಿ, ಬೇರಿಗೆ ಎಟುಕದ ಕಡೆಯಿಂದ ನೀರು ತಂದುಕೊಡುತ್ತವೆ, ಸಡಿಲ ಮಣ್ಣನ್ನೂ ಹೊಲಿದ ಹಾಗೆ ಹಿಡಿಯುತ್ತವೆ ಎಂದೆ ನೀನು. ಪುರಸಭೆಯ ಇಂಜಿನಿಯರ್ ಎದ್ದು, "ಬೂಷ್ಟು ನಂಬ್ಕೊಂಡು ಗುಡ್ಡ ನಿಲ್ಸೋಕಾಗುತ್ತೇನಮ್ಮಾ?" ಎಂದರು. ಸಭೆಗೆ ಸಭೆಯೇ ನಕ್ಕಿತು. ಚೂಟಿ, ಕೊನೆಯ ಸಾಲಿನಲ್ಲಿ ಕೂತಿದ್ದ ನಾನೂ ನಕ್ಕುಬಿಟ್ಟೆ. ನೀನು ತಿರುಗಿ ನೋಡಿದ್ದು ನನ್ನನ್ನೇ. ಗುಡ್ಡದ ಮೂಲೆಯಲ್ಲಿ ಪರೀಕ್ಷೆಗೆಂದು ಅವರು ಕೊಟ್ಟ ಚೂರು ಜಾಗದಲ್ಲಿ ಗಿಡ ನೆಟ್ಟವಳೇ ನೀನು ಊರು ಬಿಟ್ಟೆ. ನನ್ನನ್ನು ಬೈದು ಹೋಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೆಯ ಬೆಳಗ್ಗೆಯಿಂದಲೇ ನಾನು ಬಕೆಟ್ ಹಿಡಿದು ಗುಡ್ಡ ಹತ್ತಿದೆ. ನಿನಗೆ ತಿಳಿಸಲಿಲ್ಲ, ಗಿಡ ಒಣಗಿ ಹೋದರೆ ಇನ್ನೊಮ್ಮೆ ನೋಯುತ್ತೀಯ ಎಂಬ ಭಯ. ನೀನು ಬರೆದಿಟ್ಟ ಚೀಟಿಯಂತೆಯೇ ಎಡಗಡೆಯ ಇನ್ನೂರಕ್ಕೂ ಬಲಗಡೆಯ ಇನ್ನೂರಕ್ಕೂ ಒಂದೇ ಅಳತೆಯ ನೀರು. ಎಡಗಡೆಯವಕ್ಕೆ ಕಾಡಿನ ಮಣ್ಣು ಬಿದ್ದಿದೆ, ಬಲಗಡೆಯವಕ್ಕಿಲ್ಲ, ಅಷ್ಟೇ ವ್ಯತ್ಯಾಸ. ಮೊದಲ ಬೇಸಿಗೆಯಲ್ಲಿ ಎರಡೂ ಕಡೆ ಬಾಡಿ ನನ್ನ ಜೀವ ಬಾಯಿಗೆ ಬಂತು. ಎರಡನೆಯ ಬೇಸಿಗೆಗೆ ಬಲಗಡೆ ಬರೀ ಕಡ್ಡಿಗಳು, ಎಡಗಡೆ ನನ್ನ ಭುಜದೆತ್ತರದ ಹಸಿರು.

ಇಷ್ಟಿದ್ದರೂ ಕಾಂಕ್ರೀಟ್ ಗೋಡೆ ಕಟ್ಟುವುದೆಂದು ಸೋಮವಾರ ಮಣ್ಣು ತೋಡುವ ಯಂತ್ರ ಬಂದೇಬಿಟ್ಟಿತು. ನಾನು ನನ್ನ ಹೊಲಿಗೆಯ ಸ್ಟೂಲು ಒಯ್ದು ಅದರ ಮುಂದೆ ಹಾಕಿಕೊಂಡು ಕೂತೆ. "ಅಜ್ಜೀ, ಪಕ್ಕಕ್ಕೆ ಬನ್ನಿ, ನಂಗೆ ಹೊತ್ತಾಗುತ್ತೆ" ಎಂದ ಚಾಲಕ. "ಎಪ್ಪತ್ತಾರು ದಾಟಿದ ನಂಗೇ ಅವಸರ ಇಲ್ಲ, ನಿಂಗೇನಪ್ಪಾ?" ಎಂದೆ. ಅವನು ನಕ್ಕು ಯಂತ್ರ ಆರಿಸಿದ. ಅರ್ಧ ಗಂಟೆಯಲ್ಲಿ ಇಂಜಿನಿಯರ್ ಬಂದರು, ಹಿಂದೆಯೇ ಪುರಸಭೆಯ ಅಧ್ಯಕ್ಷರು, ಶಾಲೆಯ ದೊಡ್ಡ ಟೀಚರು.

ಮಾತಾಡಿ ಗೆಲ್ಲುವವಳು ನಾನಲ್ಲ. ಗಿಡಕ್ಕೆಂದು ತಂದಿಟ್ಟಿದ್ದ ತುಂಬಿದ ಬಕೆಟ್ ಎತ್ತಿ ಬಲಗಡೆಯ ಇಳಿಜಾರಿಗೆ ಸುರಿದೆ. ಮಣ್ಣು ಗಂಜಿಯ ಹಾಗೆ ಹರಿದು ಇಂಜಿನಿಯರ್ ಅವರ ಬೂಟಿನೊಳಗೇ ಹೋಯಿತು. ಇನ್ನೊಂದು ಬಕೆಟ್ ಎಡಗಡೆಗೆ. ನೀರು ಇಂಗಿತು, ಮಣ್ಣು ಮಿಸುಕಲಿಲ್ಲ. ಅಧ್ಯಕ್ಷರು "ಇನ್ನೊಂದ್ಸಲ ಹಾಕಿ" ಎಂದರು. ಹಾಕಿದೆ. ಮಿಸುಕಲಿಲ್ಲ!

ಆಮೇಲೆ ಒಂದು ಗಿಡದ ಪಕ್ಕ ಕೂತು, ಸೂಜಿ ಮತ್ತು ಮೆತ್ತನೆಯ ಬ್ರಷ್ಷಿನಿಂದ ಮಣ್ಣು ಬಿಡಿಸಿದೆ. ನಲವತ್ತು ವರ್ಷ ಹರಿದ ಬಟ್ಟೆಗೆ ಎಳೆ ಕೂಡಿಸಿ ರಫು ಮಾಡಿದ ಕೈ ನೋಡು, ಒಂದು ಎಳೆಯೂ ಕಡಿಯಲಿಲ್ಲ. ಬೇರಿನ ತುದಿಯಿಂದ ಬಿಳಿ ನೂಲು ಕವಲೊಡೆದು, ಮರಳಿನ ಕಾಳು ಕಾಳನ್ನೂ ಸುತ್ತಿ, ಕೂದಲಿಗಿಂತ ತೆಳ್ಳಗೆ ಹಬ್ಬಿಕೊಂಡಿತ್ತು. ಇಂಥ ಕಸೂತಿ ನನ್ನ ಜನ್ಮದಲ್ಲಿ ನಾನು ಹಾಕಿಲ್ಲ. ಇಂಜಿನಿಯರ್ ಮಂಡಿಯೂರಿ ಭೂತಗನ್ನಡಿಯಲ್ಲಿ ನೋಡಿದರು. "ಎಷ್ಟು ಸಣ್ಣ ಬೇರು!" ಎಂದರು.

"ಬೇರಲ್ಲಪ್ಪಾ, ಬೂಷ್ಟು" ಎಂದೆ.

ಚಾಲಕನೇ ಮೊದಲು ಚಪ್ಪಾಳೆ ಹೊಡೆದದ್ದು. ಇಂಜಿನಿಯರ್ ಒಳ್ಳೆಯವರೇ ಕಣೇ. ಎದ್ದು ನಿಂತು, "ಆವತ್ತು ನಾನು ನಗಬಾರ್ದಿತ್ತು" ಎಂದು ಎಲ್ಲರೆದುರೇ ಹೇಳಿದರು. ನಾನೂ ಹೇಳುತ್ತಿದ್ದೇನೆ, ಚೂಟಿ: ನಾನೂ ನಗಬಾರದಿತ್ತು. ಬದುಕುಳಿದ ಗಿಡಗಳನ್ನು ಅವರೇ ಎಣಿಸಿದರು. ಎಡಗಡೆ ನೂರಾ ಎಪ್ಪತ್ತೊಂದು, ಬಲಗಡೆ ಇಪ್ಪತ್ಮೂರು. ಯಂತ್ರ ಬಂದ ದಾರಿಯಲ್ಲೇ ವಾಪಸ್ ಹೋಯಿತು. ನಾನು ಸ್ಟೂಲು ತಲೆಯ ಮೇಲೆ ಹೊತ್ತು, ಬೀದಿಯ ನಟ್ಟನಡುವೆ, ರಾಣಿಯ ಹಾಗೆ ಮನೆಗೆ ಬಂದೆ. ನಿನ್ನಮ್ಮ ಬಾಗಿಲಲ್ಲೇ ರೇಗಿದಳು, ಆಮೇಲೆ ತಬ್ಬಿಕೊಂಡು ಅತ್ತಳು.

ನೂರು ಕಾಲ ಬಾಳು ಮಗಾ. ನಿನ್ನ ಕೈ ಮುಟ್ಟಿದ್ದೆಲ್ಲ ಹೀಗೇ ಚಿಗುರಲಿ.

ನಿನ್ನ
ಅಜ್ಜಿ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಇಡೀ ಗುಡ್ಡಕ್ಕೆ ಗಿಡ ನೆಡುವ ಕೆಲಸ ನಿನ್ನ ಉಸ್ತುವಾರಿಯಲ್ಲೇ ಆಗಬೇಕೆಂದು ಪುರಸಭೆ ನಿನ್ನೆ ತೀರ್ಮಾನಿಸಿತು. ಕೈಕೆಳಗೆ ಆರು ಜನ, ಮೂರು ಕಿಟಕಿಯ ಕೋಣೆ. "ಬರ್ತಾಳಾ?" ಎಂದು ಅಧ್ಯಕ್ಷರು ಕೇಳಿದರು. "ಬರ್ತಾಳೆ" ಎಂದುಬಿಟ್ಟೆ. ಒಂದನೇ ತಾರೀಕು ಸೇರಬೇಕು. ಇಲ್ಲ ಎನ್ನುವುದಿದ್ದರೆ ಕಾಗದ ಬರೆಯಬೇಡ, ಬಂದು ನನ್ನ ಮುಖ ನೋಡಿ ಹೇಳು.