ನಡುಗೆರೆಯಲ್ಲಿ ನಿಲ್ಲದ ದೋಣಿ

ದೊಡ್ಡಪ್ಪ,

ತೀರಿಹೋದವರಿಗೆ ಮೊದಲು ನಮಸ್ಕಾರ ಬರೆಯಬೇಕಂತೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ನಮಸ್ಕಾರ ಆಮೇಲೆ ನೋಡೋಣ.

ಜಗಲಿಯ ಮೇಲೆ ಕೂತು ನೀವು ಮಾವಿನ ಹಲಗೆಯಲ್ಲಿ ಆ ಪುಟ್ಟ ದೋಣಿ ಕೆತ್ತುತ್ತಿದ್ದಾಗ ನನಗೇ ಇರಬೇಕು ಅಂದುಕೊಂಡಿದ್ದೆ. ಮೊಳದುದ್ದದ ದೋಣಿ, ನೀವೇ ತಂತಿ ಸುತ್ತಿ ಮಾಡಿದ ಎರಡು ಮೋಟಾರು, ಹಿಂದೆ ನೀರು ತಳ್ಳೋಕೆ ಎಡಕ್ಕೊಂದು ಬಲಕ್ಕೊಂದು ತಗಡಿನ ರೆಕ್ಕೆ. ಯಾರಿಗೆ ಎಂದರೆ, "ಅಮಲ್ದಾರ್ರಿಗೆ ಕಣೇ. ಕೆರೆ ಕೋಡಿ ಬಿದ್ದಾಗ ಬಾಗಿನ ಬಿಡೋಕೆ ಬರ್ತಾರಲ್ಲ, ಆಗ ಇದು ದೀಪ ಹೊತ್ಕೊಂಡು ನೀರ ಮೇಲೆ ಹೋಗ್ಬೇಕು" ಎಂದಿರಿ. ಚಿನ್ನದ ಗಣಿಯಲ್ಲಿ ಬಿಳಿ ದೊರೆಗಳ ಯಂತ್ರಕ್ಕೆ ತಂತಿ ಎಳೆದು ಎಳೆದು, ಕೊನೆಗೆ ಎದೆತುಂಬ ಕಲ್ಲಿನ ದೂಳು ಹೊತ್ತು ಮನೆಗೆ ಬಂದಿರಿ. ಅಷ್ಟು ಸಾಲಲಿಲ್ಲವೆ? ಕೆಮ್ಮುತ್ತ ಕೂತು ಅಮಲ್ದಾರರಿಗೂ...

ನಿಮ್ಮ ಕೈ ನಡುಗುತ್ತಿದ್ದುದರಿಂದ ಬೆಸುಗೆಯೆಲ್ಲ ನನ್ನದೇ. ಬ್ಯಾಟರಿಯಿಂದ ಒಂದು ಮೋಟಾರಿಗೆ, ಅಲ್ಲಿಂದ ಇನ್ನೊಂದಕ್ಕೆ, ಮತ್ತೆ ಬ್ಯಾಟರಿಗೆ, ಸರಪಳಿಯ ಹಾಗೆ ತಂತಿ ಜೋಡಿಸು ಎಂದಿರಿ. ಒಂದೊಂದಕ್ಕೂ ಬೇರೆ ತಂತಿ ಕೊಟ್ಟರೆ ಎರಡೂ ಜೋರಾಗಿ ತಿರುಗುತ್ತವಲ್ಲ ಎಂದು ವಾದಿಸಿದೆ.

"ಎಲ್ಲಿ ತಂತಿ ಬಿಟ್ರೂ ಎರಡೂ ನಿಲ್ಬೇಕು. ಕೆಟ್ಟಿದ್ದು ಓಡ್ತಾನೇ ಇದ್ರೆ ಗಣೀಲಿ ಹೆಣ ಬೀಳ್ತವೆ, ಗೊತ್ತಾ?"

"ಇದು ಗಣಿ ಅಲ್ಲ ದೊಡ್ಡಪ್ಪ, ಮುಳಬಾಗಿಲ ಕೆರೆ."

"ಓದಿರೋದು ನಾಲ್ಕು ಕರಪತ್ರ, ಬಾಯಿ ನೋಡು ವಕೀಲರದ್ದು!"

ಬಾವುಟದ ಮಾತು ತೆಗೆದ ದಿನ ನೆನಪಿದೆಯೆ? ಊರಲ್ಲಿ ಚರಕದ ಬಾವುಟ ಎಲ್ಲಿ ಏರಿಸಿದರೂ ಪೊಲೀಸರು ಕಿತ್ತೊಗೆಯುತ್ತಿದ್ದರು. ನೀರಿನ ಮೇಲಾದರೆ... ಎಂದೆ, ಅಷ್ಟೇ. ನನ್ನ ಕರಪತ್ರಗಳನ್ನೆಲ್ಲ ಒಲೆಗೆ ಹಾಕಿದಿರಿ. "ಶಾಲು ಹೊದಿಸ್ತೀವಿ ಅಂತ ಅಮಲ್ದಾರ್ರು ಹೇಳಿ ಕಳ್ಸಿದಾರೆ. ಹಾಳು ಮಾಡ್ಬೇಡ" ಎಂದಿರಿ. ಒಂದು ಶಾಲಿಗೆ! ಅದೂ ಬರುವ ಮೊದಲೇ ಹೋಗಿಬಿಟ್ಟಿರಿ.

ಈಗ ಕೇಳಿ. ಕೋಡಿ ಬಿತ್ತು. ದೊಡ್ಡಪ್ಪನ ದೋಣಿ ನೀನೇ ತಗೊಂಡು ಬಾ ಎಂದು ಶ್ಯಾನುಭೋಗರು ಹೇಳಿ ಕಳಿಸಿದರು. ನಿಮ್ಮ ಸರಪಳಿ ಕತ್ತರಿಸಿ ಎರಡು ಮೋಟಾರಿಗೂ ಬೇರೆ ಬೇರೆ ತಂತಿ ಹಾಕಿದೆ. ದೀಪದ ಜಾಗದಲ್ಲಿ ಕಡ್ಡಿಗೆ ಬಾವುಟ ಸುತ್ತಿ ಹೂವಿನಲ್ಲಿ ಮುಚ್ಚಿದೆ.

ದೋಣಿ ನೀರಿಗೆ ಬಿಟ್ಟೊಡನೆ ಗಾಳಿಗೆ ಹೂ ಸರಿದು ಬಾವುಟ ಬಿಚ್ಚಿಕೊಂಡಿತು. ದೋಣಿ ನೇರ ಆಚೆ ದಡಕ್ಕೆ ಹೊರಟಿತು. ಪೊಲೀಸರೂ ಅದನ್ನು ಹಿಡಿಯಲು ಅಲ್ಲಿಗೇ ಓಡಿದರು. ನಡುಗೆರೆಯಲ್ಲಿ ಬಲಗಡೆಯ ಮೋಟಾರು ನಿಂತಿತು. ತಂತಿ ಬಿಟ್ಟಿತ್ತು, ನನ್ನ ಬೆಸುಗೆಯೇ. ಎಡದ್ದು ನಿಲ್ಲಲಿಲ್ಲ. ದೋಣಿ ಅಲ್ಲೇ ಗಿರಗಿರ ಸುತ್ತತೊಡಗಿತು.

"ಪಟ್ಕೋರಾ, ಪಟ್ಕೋ!" ಹಿಡಿಯೋ ಎಂದು ದಫೇದಾರ ಪೇದೆಗೆ ತೆಲುಗಿನಲ್ಲಿ ಅರಚಿದ.

"ನೀವೇ ಇಳೀರಿ ಸಾಮಿ, ನಂಗೆ ಈಜು ಬರಲ್ಲ" ಎಂದ ಪೇದೆ.

ಏರಿಯ ಮೇಲಿದ್ದ ಹೆಂಗಸರೆಲ್ಲ ನಕ್ಕರು. ಅಮಲ್ದಾರರು ಬಾಗಿನದ ಮೊರ ಹಿಡಿದು ನಿಂತೇ ಇದ್ದರು. ನಿಮ್ಮ ಸರಪಳಿಯೇ ಇದ್ದಿದ್ದರೆ ಎರಡೂ ನಿಂತು, ದೋಣಿ ಗಾಳಿಗೆ ತೇಲಿ ಪೊಲೀಸರ ಕೈಗೆ ಬರುತ್ತಿತ್ತು. ಬ್ಯಾಟರಿ ಮುಗಿಯುವಷ್ಟರಲ್ಲಿ ಅರ್ಧ ಊರು ಕೆರೆಯ ಬಳಿ ನೆರೆದಿತ್ತು.

ನನ್ನನ್ನು ಠಾಣೆಗೆ ಕರೆದೊಯ್ದು, "ಯಾರು ಮಾಡಿದ್ದೇ ಇದು?" ಎಂದು ಗದರಿದರು. ನಿಮ್ಮ ಹೆಸರು ಹೇಳಿದೆ. ಈಗ ಊರಿಗೆಲ್ಲ ಅದು ನಿಮ್ಮ ಬಾವುಟದ ದೋಣಿ. ಸಿಟ್ಟು ಬಂತೆ? ಬರಲಿ.

ದೋಣಿ ಜಪ್ತಿಯಾಗಿದೆ. ಜಗಲಿಯ ಮೇಲೆ ಇನ್ನೊಂದು ಹಲಗೆ ಇಟ್ಟಿದ್ದೇನೆ. ಮುಂದಿನ ಕೋಡಿಗೂ ಎರಡು ಮೋಟಾರು, ಬೇರೆ ಬೇರೆ ತಂತಿ. ನಡುಗೆರೆ ಮುಟ್ಟಿದ ಮೇಲೆ ತಂತಿ ಬಿಟ್ಟು ದೋಣಿ ಅಲ್ಲೇ ಸುತ್ತುವ ಹಾಗೆ, ಬಲಗಡೆಯ ಬೆಸುಗೆಯನ್ನು ಬೇಕೆಂದೇ ಸಡಿಲ ಹಾಕುತ್ತೇನೆ.

ನಿಮ್ಮ ಮಾತು ಕೇಳದ,
ಸರೋಜ