ಮೂವರಿಗೆ ನಲವತ್ತು ಆಸನ

ಅಕ್ಕಾ, ಸುಖವಾಗಿ ತಲುಪಿದೆ. ಸೋಮವಾರದಿಂದ ಇಲ್ಲಿನ ಹಳೇ ಚರ್ಚಿನಲ್ಲಿ ಮರಗೆಲಸ. ಕ್ವಾಯರ್ ಎಂದರೆ ಹಾಡುವವರ ಗುಂಪು ಎಂದಷ್ಟೇ ನನಗೆ ಗೊತ್ತಿತ್ತು. ಇಲ್ಲಿ ಅವರು ಕೂರುವ ಜಾಗಕ್ಕೂ ಅದೇ ಹೆಸರು: ಜನ ಕೂರುವ ಹಜಾರಕ್ಕೂ ಬಲಿಪೀಠಕ್ಕೂ ನಡುವೆ, ಎದುರುಬದುರಾಗಿ ನಲವತ್ತು ಮರದ ಆಸನ. ಹಾಡುವವರು ಮೂವರೇ ಉಳಿದಿದ್ದಾರೆ. ಆದರೂ ದೂರ ದೂರ ಕೂರುತ್ತಾರೆ. ಒಬ್ಬರ ದನಿ ಇನ್ನೊಬ್ಬರಿಗೆ ತಡವಾಗಿ ತಲುಪಿ ಹಾಡು ಕುಂಟುತ್ತದೆ.

“ಒಟ್ಟಿಗೆ ಕೂತ್ಕೋಬಾರ್ದಾ ಅಜ್ಜಿ?” ಎಂದು ಅವರಲ್ಲೊಬ್ಬರನ್ನು ಕೇಳಿದೆ.

“ಪಕ್ಕದ್ದು ನಮ್ಮ ಯಜಮಾನ್ರದು, ಅದರಾಚೆದು ನಾದಿನಿದು. ಸತ್ರು ಅಂತ ಹೋಗಿ ಕೂತ್ಬಿಡೋದಾ? ಬದುಕಿದ್ದಾಗ ಅವಳು ಕೊಡೆ ಇಡೋಕೂ ಜಾಗ ಬಿಟ್ಟವಳಲ್ಲ!” ಎಂದು ನಕ್ಕರು.

ಮರಕ್ಕೆಲ್ಲ ಗೆದ್ದಲು ಹಿಡಿದಿದೆ. ನಾಳೆಯಿಂದ ಅಷ್ಟನ್ನೂ ಬಿಚ್ಚಿ, ಮೂರು ಹೊಸ ಕುರ್ಚಿ ಹಾಕಬೇಕೆಂದು ಪಾದ್ರಿಗಳ ಅಪ್ಪಣೆ. ಹಾಡುವವರಿಗೆ ಇನ್ನೂ ಯಾರೂ ತಿಳಿಸಿಲ್ಲ.

ನನಗೆ ಧೂಳಿನಿಂದ ಕೆಮ್ಮು ಹತ್ತಿದೆ, ಜ್ವರವಿಲ್ಲ, ಅಮ್ಮನಿಗೆ ಹೇಳಬೇಡ.

ಇವತ್ತು ಹೊರಡುವಾಗ ಅಜ್ಜಿ ಗಂಡನ ಆಸನವನ್ನು ಅಲ್ಲಾಡಿಸಿ ತೋರಿಸಿ, “ಇದನ್ನ ಮೊದಲು ಭದ್ರ ಮಾಡಪ್ಪ, ಪುಣ್ಯ ಬರುತ್ತೆ” ಎಂದರು. ಆಗಲಿ ಎಂದುಬಿಟ್ಟೆ. ಕಾರ್ಡು ತುಂಬಿತು.

ನಿನ್ನ ತಮ್ಮ